ನಲವತ್ತು ಡಾಲರಿನ ತಕರಾರು

ಅಮ್ಮ ಉಯಿಲು ಬರೆಯಲಿಲ್ಲ.
ಬರೆದರೆ ಸಾವು ವಿಳಾಸ ಹುಡುಕಿಕೊಂಡು ಬರುತ್ತದೆ ಎಂದು
ಅಸೋರಿಸ್ ದ್ವೀಪದ ಅವಳ ಅಜ್ಜಿ ಹೇಳಿದ್ದಳಂತೆ.
ವಿಳಾಸವಿಲ್ಲದೆಯೂ ಬಂತು ಅದು, ಒಂದು ಮಂಗಳವಾರ,
ಒಲೆಯ ಮೇಲೆ ಎಲೆಕೋಸಿನ ಸಾರು ಕುದಿಯುತ್ತಿದ್ದಾಗ.

ಈಗ ನಾನು
‘ಮೃತ ಇಡಲಿನಾ ಫುರ್ತಾದೊ ಅವರ ಆಸ್ತಿಯ ಆಡಳಿತಗಾರ್ತಿ’.
ಟುಲೇರ್ ಕೌಂಟಿಯ ಕೋರ್ಟು ಮೊಹರು ಒತ್ತಿ ಕೊಟ್ಟ ಹೆಸರು.
ಅವಳು ಇಟ್ಟ ಹೆಸರನ್ನು ಅಲ್ಲಿ ಯಾರೂ ಕೇಳುವುದಿಲ್ಲ.

ಬೆಲೆ ಕಟ್ಟುವವನು ಬಂದ, ಶೂ ಬಿಚ್ಚದೆ ಒಳಗೆ ನಡೆದ.
ಮಲಗುವ ಕೋಣೆ ಎರಡು. ಛಾವಣಿ ಹಳತು.
ಹೊಲಿಗೆ ಯಂತ್ರ, ಹದಿನೈದು ಡಾಲರು.
ಕುರ್ಚಿ ನಾಲ್ಕು, ಬೆಲೆ ಇಲ್ಲ.
ಫ್ರೀಜರಿನಲ್ಲಿ ಪೊಟ್ಟಣಗಳು, ಮೇಲೆ ಅಮ್ಮನ ಕೈಬರಹ:
ನಿಂಬೆರಸ, ಫೆಬ್ರವರಿ.
ಇದನ್ನು ಯಾವ ಕಾಲಮ್ಮಿಗೆ ಹಾಕುತ್ತೀರಿ ಎಂದು ಕೇಳಿದೆ.
ಚೆಲ್ಲಿಬಿಡಿ ಅಂದ.

ಆಮೇಲೆ ಪತ್ರಿಕೆಯಲ್ಲಿ ಪ್ರಕಟಣೆ:
ಸತ್ತವರಿಂದ ಬರಬೇಕಾದ್ದೇನಾದರೂ ಇದ್ದರೆ ನಾಲ್ಕು ತಿಂಗಳೊಳಗೆ ಕೇಳಿ.
ಆಸ್ಪತ್ರೆ ಕೇಳಿತು. ನೀರಿನ ಇಲಾಖೆ ಕೇಳಿತು.
ತಮ್ಮ ನಾರ್ಬೆರ್ತೊ ರೀನೋದಿಂದ ದಿನಾ ಫೋನು ಮಾಡಿ ಕೇಳಿದ, ಅದು ಬೇರೆ ಥರ.
ಕೊನೆಯ ವಾರ ಒಂದು ಅರ್ಜಿ, ನೀಲಿ ಶಾಯಿಯಲ್ಲಿ.
ಜುಲ್ಮೀರಾ ತೋಸ್ತೆ, ಪಕ್ಕದ ಮನೆ.
ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ ಹಾಕಿದ ಬೇಲಿಗೆ
ಇಡಲಿನಾ ಕೊಡದೇ ಉಳಿಸಿಕೊಂಡ ಅರ್ಧ ಖರ್ಚು, ನಲವತ್ತು ಡಾಲರು.
ಬಡ್ಡಿ ಬೇಡ.

ಅಮ್ಮನಿಗೂ ಆಕೆಗೂ ಎಣ್ಣೆ ಸೀಗೆಕಾಯಿ.
ಒಂದೇ ದ್ವೀಪದ ಒಂದೇ ಬೀದಿಯ ಹುಡುಗಿಯರು,
ಇಲ್ಲಿಗೆ ಬಂದು ಹಾಲಿನ ಡೇರಿಯಲ್ಲಿ ಒಂದೇ ಪಾಳಿ,
ಆಮೇಲೆ ಒಂದು ನಿಂಬೆಮರ.
ಬೇರು ನಮ್ಮ ಕಡೆ, ಹಣ್ಣು ಆಕೆಯ ಕಡೆ.
ಯಾವ ಮಾತಿಗೆ ಯಾವ ಮಾತು ಹತ್ತಿತೋ,
ಹಿತ್ತಿಲ ಗೇಟಿಗೆ ಅಮ್ಮ ಮೊಳೆ ಹೊಡೆದಳು,
ಆರು ಇಂಚಿನವು, ಐದು.

ನಲವತ್ತು ಕೊಟ್ಟೆ. ರಶೀದಿ ಕೇಳಿದೆ. ರಶೀದಿ ಬಂತು,
ಜೊತೆಗೆ ಒಂದು ಸಿಹಿ ಬ್ರೆಡ್ಡು, ಇನ್ನೂ ಬಿಸಿ.
ಸುತ್ತಿದ್ದ ಬಟ್ಟೆಯ ಅಂಚಿನಲ್ಲಿ ಅಮ್ಮನ ಕಸೂತಿ.

ಮನೆ ಕಟ್ಟಿ ನೋಡು ಅನ್ನುತ್ತಾರೆ.
ಮಾರಿ ನೋಡು ಅಂತ ಯಾರೂ ಹೇಳಲಿಲ್ಲ.

ಏಳನೇ ಕೋಣೆ, ಬೆಳಿಗ್ಗೆ ಒಂಬತ್ತು.
ಕೊಳ್ಳಲು ಬಂದದ್ದು ಫ್ರೆಸ್ನೊದ ಒಂದು ಕಂಪನಿ,
ಪರವಾಗಿ ಒಬ್ಬ ಹುಡುಗನನ್ನು ಕಳಿಸಿತ್ತು.
ಎರಡು ಲಕ್ಷ ಹದಿನಾಲ್ಕು ಸಾವಿರ.
ಮರ ಕಡಿದು, ಕಾಂಕ್ರೀಟು ಹಾಕಿ, ಬಾಡಿಗೆಗೆ.
ನ್ಯಾಯಾಧೀಶೆ ಕನ್ನಡಕ ತೆಗೆದು
ಕಾನೂನಿನ ಪ್ರಕಾರ ಬೆಂಚುಗಳನ್ನು ಕೇಳಿದಳು:
ಇದಕ್ಕಿಂತ ಹೆಚ್ಚು ಕೊಡುವವರು ಯಾರಾದರೂ ಇದ್ದೀರಾ?
ಕನಿಷ್ಠ ಎರಡು ಲಕ್ಷ ಇಪ್ಪತ್ತೈದು ಸಾವಿರದ ಇನ್ನೂರು.

ಹಿಂದೆ ಕೋಲು ಊರುವ ಸದ್ದು.
ಎಂಬತ್ತೊಂದರ ಜುಲ್ಮೀರಾ, ಚರ್ಚಿನ ಕಪ್ಪು ಕೋಟು,
ಕೈಚೀಲದಲ್ಲಿ ಬ್ಯಾಂಕಿನ ಚೆಕ್ಕು, ನಾಲ್ಕು ಮಡಿಕೆ.
ಹುಡುಗ ಫೋನು ನೋಡಿದ, ತಲೆ ಅಡ್ಡಡ್ಡ ಆಡಿಸಿದ, ಕೂತ.
ತಕರಾರು ಇದೆಯೇ, ಎಂದು ನ್ಯಾಯಾಧೀಶೆ ನನ್ನ ಕಡೆ ತಿರುಗಿದಳು.
ಇಲ್ಲ ಅಂದೆ. ಕೇಳಿಸಲಿಲ್ಲವಂತೆ.
ಇನ್ನೊಮ್ಮೆ ಹೇಳಬೇಕಾಯಿತು.

ಕಾರಿಡಾರಿನಲ್ಲಿ ಕೇಳಿದೆ, ಈ ವಯಸ್ಸಿನಲ್ಲಿ ಎರಡು ಮನೆ ಯಾಕೆ?
ದನ ಮಾರಿದ ದುಡ್ಡು ಬ್ಯಾಂಕಿನಲ್ಲಿ ಕೊಳೆಯುತ್ತಿತ್ತು ಅಂದಳು.
ಅದು ಉತ್ತರವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.
ಲಿಫ್ಟಿನ ಬಾಗಿಲು ತೆರೆಯಿತು. ಆಕೆ ಹತ್ತಲಿಲ್ಲ.
‘ನಿಮ್ಮಮ್ಮನ ಹತ್ತಿರ ಮೊಳೆ ಕೀಳೋ ಸುತ್ತಿಗೆ ಒಂದಿತ್ತು.
ನನ್ನದೇ ಅದು.
ಮನೆ ಜೊತೆ ಬರುತ್ತೋ,
ಅದಕ್ಕೂ ಅರ್ಜಿ ಹಾಕಬೇಕೋ?’